ಜೋಡಿ ಹಾಜರಿ

ಹುಲಿಗೆವ್ವನ ಬಲಗೈಯ ಮೂರು ಬೆರಳು ಹೋಗಿ ವರ್ಷವಾಗುತ್ತ ಬಂದಿತ್ತು. ಅಷ್ಟು ದಿನ ಅಯ್ಯೋ ಪಾಪ ಎನ್ನುತ್ತಿದ್ದ ಕಲ್ಲವ್ವನ ಹೊಟ್ಟೆಯಲ್ಲಿ ಕಿಚ್ಚು ಎದ್ದದ್ದು ಶಿವಾಜಿನಗರದ ಲೇಬರ್ ಆಫೀಸಿನಿಂದ ಕಾಗದ ಬಂದ ಸಂಜೆ. ಪಾಪ ಅನ್ನುವುದಕ್ಕೆ ಖರ್ಚೇನು? ಎದುರಿನವರಿಗೆ ಏನೂ ಸಿಗುವುದಿಲ್ಲ ಅಂತ ಖಾತ್ರಿ ಇರುವವರೆಗೆ ಎಷ್ಟು ಬೇಕಾದರೂ ಅನ್ನಬಹುದು.

ಕಲ್ಲವ್ವ ಹಿರಿಯ ಸೊಸೆ, ತಾಯಪ್ಪನ ಹೆಂಡತಿ. ಹುಲಿಗೆವ್ವ ಕಿರಿಯವಳು, ತಾಯಪ್ಪನ ತಮ್ಮ ಭೀಮುವಿನ ಹೆಂಡತಿ. ಯಾದಗಿರಿ ಕಡೆಯಿಂದ ದುಡಿಯಲು ಮರಾಠಿ ಸೀಮೆಯ ಈ ಶಹರಕ್ಕೆ ಬಂದ ಎರಡು ಜೋಡಿ, ಅತ್ತೆ ಶರಣಮ್ಮ, ಕಲ್ಲವ್ವನ ಮಗಳು ಸೋನಾಲಿ, ಎಲ್ಲರೂ ಪರ್ವತಿ ಗುಡ್ಡದ ಬೆನ್ನಿಗಿದ್ದ ಜೋಪಡಿ ವಸ್ತಿಯಲ್ಲಿ ಎರಡು ಪತ್ರಾಸು ತಗಡಿನ ಖೋಲಿಗಳಲ್ಲಿದ್ದರು. ಖೋಲಿ ಎರಡಾದರೂ ಒಲೆ ಒಂದೇ. ಬಿಲ್ಡಿಂಗ್ ಕೆಲಸಕ್ಕೆ ನಾಲ್ವರೂ ಹೋಗುತ್ತಿದ್ದರು. ಕೂಲಿಯಾಳು ಕೂಡಿಸಿ ದುಡಿಸುವ ಮುಕಾದಮ ಜಟ್ಟೆಪ್ಪ ಹಾಜರಿ ಪುಸ್ತಕದಲ್ಲಿ "ತಾಯಪ್ಪ ಜೋಡಿ, ಭೀಮು ಜೋಡಿ" ಎಂದು ಬರೆಯುತ್ತಿದ್ದ. ಗಂಡನ ಹೆಸರು ಬರೆದರೆ ಹೆಂಡತಿಯೂ ಅದರೊಳಗೇ ಬಂದಳು ಎಂದು ಲೆಕ್ಕ. ಶನಿವಾರದ ಪಗಾರವೂ ಗಂಡನ ಕೈಗೇ. ಈ ರಿವಾಜು ಸರಿಯೋ ತಪ್ಪೋ ಎಂದು ಯಾರೂ ಕೇಳಿರಲಿಲ್ಲ.

ಕಾಗದ ಮರಾಠಿಯಲ್ಲಿತ್ತು. ಊಟದ ಹೊತ್ತಿಗೆ ಸೋನಾಲಿ ಅದನ್ನು ಬಲ್ಬಿನ ಕೆಳಗೆ ಹಿಡಿದು ಓದಿದಳು.

"ಕಾಕಿ ಕೈಗೆ ಭರಪಾಯಿ ಕೇಳ್ಯಾರಲ್ಲ, ಅದರ ತಾರೀಖು ಬಂದದ. ಅವ್ವಾ, ನೀನು ಸಾಕ್ಷಿ ಹೇಳಾಕ ಹೋಗಬೇಕಂತ."

"ಭರಪಾಯಿ ಅಂದ್ರ ಏನವಾ?" ಎಂದಳು ಶರಣಮ್ಮ.

"ಹೋದ ಬೆರಳಿಗೆ ರೊಕ್ಕ, ಆಯಿ."

"ಬೆರಳಿಗೆ ಯಾರು ರೊಕ್ಕ ಕೊಡ್ತಾರ?"

"ಬಿಲ್ಡಿಂಗ್ ಕಟ್ಟಸೂ ಸೇಟ್ ಕೊಡಬೇಕು. ಕಾಯ್ದೆ ಅದ. ಯೂನಿಯನ್ ನೀತಾತಾಯಿ ಹೇಳ್ಯಾರ."

ನೀತಾ ಕೂಲಿಕಾರರ ಯೂನಿಯನ್ನಿನ ಹೆಂಗಸು, ದವಾಖಾನೆಯಲ್ಲಿ ಹುಲಿಗೆವ್ವನನ್ನು ಕಂಡು ಅರ್ಜಿ ಹಾಕಿಸಿದವಳು. ಅರ್ಜಿ ಹಾಕಿದ ಮೇಲೆ ಎಲ್ಲರೂ ಅದನ್ನು ಮರೆತಿದ್ದರು. ಈಗ ಭೀಮು ಊಟ ಬಿಟ್ಟು ಮುಂದಕ್ಕೆ ಸರಿದ.

"ಎಷ್ಟು ಸಿಗ್ತದ?"

"ಅದನ್ನ ಬರದಿಲ್ಲ ಕಾಕಾ."

ಬರೆಯದಿದ್ದದ್ದೇ ತಪ್ಪಾಯಿತು. ಮರುದಿನ ನಳದ ಸಾಲಿನಲ್ಲಿ ಹತ್ತು ಸಾವಿರ ಎಂದಿದ್ದದ್ದು ವಾರ ಕಳೆಯುವುದರೊಳಗೆ ಒಂದು ಲಕ್ಷವಾಯಿತು. ಹುಲಿಗೆವ್ವ ಇನ್ನೂ ಎಡಗೈಯಲ್ಲಿ ಕೊಡ ಎತ್ತುವುದನ್ನು ಕಲಿಯುತ್ತಿದ್ದಳು. ವಸ್ತಿಯವರ ಬಾಯಲ್ಲಿ ಮಾತ್ರ ಆಕೆ ಲಕ್ಷಾಧೀಶೆ.

ಕಲ್ಲವ್ವನಿಗೆ ನಿದ್ದೆ ದೂರವಾಯಿತು. ಹೊಟ್ಟೆಕಿಚ್ಚಿಗೆ ಆಕೆಯ ಬಳಿ ಕಾರಣಗಳು ಬೇಕಾದಷ್ಟಿದ್ದವು. ಮೊದಲನೆಯದು ರೊಟ್ಟಿ. ಹುಲಿಗೆವ್ವ ಬಡಿದ ಜೋಳದ ರೊಟ್ಟಿ ತೆಳ್ಳಗೆ, ಅಂಚು ಒಡೆಯದೆ ಅಷ್ಟಗಲ ಬರುತ್ತಿತ್ತು. ಬೆರಳು ಹೋದ ಮೇಲೆ ರೊಟ್ಟಿ ಬಡಿಯುವುದು ಕಲ್ಲವ್ವನ ಪಾಲಿಗೆ ಬಂತು. ಈಗಲಾದರೂ ತನ್ನ ರೊಟ್ಟಿಗೆ ಬೆಲೆ ಬಂದೀತು ಎಂದುಕೊಂಡಿದ್ದಳು. ಶರಣಮ್ಮ ಒಂದು ತುತ್ತನ್ನು ಹೊತ್ತುಗಟ್ಟಲೆ ಅಗಿದು, "ಹುಲಿಗಿ ಕೈ ಇದ್ದಾಗ ನನ್ನ ಹಲ್ಲಿಗೆ ಇಷ್ಟು ಕೆಲಸ ಇರಲಿಲ್ಲ ನೋಡು," ಎನ್ನುತ್ತಿದ್ದಳು. ಕೈಯಿದ್ದಾಗಲೂ ಅವಳೇ ಜಾಣೆ, ಕೈ ಹೋದ ಮೇಲೂ ಅವಳೇ.

ಎರಡನೆಯ ಕಾರಣ ಕಲ್ಲವ್ವನ ಸ್ವಂತ ಕಾಲು. ಸೋನಾಲಿ ಸಣ್ಣವಳಿದ್ದಾಗ ಬೇರೊಂದು ಸೈಟಿನಲ್ಲಿ ತಲೆಯ ಮೇಲೆ ಕಾಂಕ್ರೀಟು ತುಂಬಿದ ಬುಟ್ಟಿ ಹೊತ್ತು ಹಲಗೆ ಏರುವಾಗ ಜಾರಿ ಬಿದ್ದಿದ್ದಳು. ಕಾಲೆಲುಬು ಮುರಿಯಿತು. ಆಗಲೂ ಮುಕಾದಮ ಜಟ್ಟೆಪ್ಪನೇ. ನಾಟಿ ವೈದ್ಯನ ಖರ್ಚು ಕೊಟ್ಟ, ಮೇಲೆ ಒಂದು ಹಸಿರು ಸೀರೆ ಕೊಟ್ಟ. ಆಕೆಗೆ ಅವನು ದೇವರಂತೆ ಕಂಡಿದ್ದ. ಅದೇ ಸೀರೆ ಉಟ್ಟುಕೊಂಡು ಕುಂಟುತ್ತ ಜೇಜುರಿಯ ಖಂಡೋಬನ ಗುಡಿಯ ಮೆಟ್ಟಿಲು ಹತ್ತಿ, ಜಟ್ಟೆಪ್ಪನ ಹೆಸರಿನಲ್ಲೂ ಭಂಡಾರದ ಅರಿಶಿನ ಹಾರಿಸಿ ಬಂದಿದ್ದಳು. ಎಲುಬು ಸೊಟ್ಟ ಕೂಡಿತು. ಕುಂಟು ಹಾಗೇ ಉಳಿಯಿತು. ಈಗ ಕಾಯ್ದೆ ಇದೆಯಂತೆ.

ಮೂರನೆಯದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಕಾಲು ಸೊಟ್ಟವಾದ ಮೇಲೆ ಹಲಗೆ ಏರಲಾರದ ಕಲ್ಲವ್ವನಿಗೆ ಕಾಂಕ್ರೀಟ್ ಕಲೆಸುವ ಮಿಕ್ಸರಿನ ಬಾಯಿಗೆ ಮರಳು ಸುರಿಯುವ ಜಾಗ ಗೊತ್ತಾಗಿತ್ತು. ಅವತ್ತು ಸ್ಲ್ಯಾಬು ಹಾಕುವ ದಿನ, ಉಸಿರಾಡಲು ಬಿಡುವಿಲ್ಲದ ಕೆಲಸ. "ನನ್ನ ತಲಿ ಸಿಡಿಯಾಕತ್ತದ, ಒಂದು ಕಪ್ ಚಹಾ ಕುಡಿದು ಬರ್ತೀನಿ, ಅಲ್ಲಿತನಕ ಇಲ್ಲಿ ನಿಂದ್ರು," ಎಂದು ಹುಲಿಗೆವ್ವನನ್ನು ಕರೆದು ನಿಲ್ಲಿಸಿದ್ದಳು. ಚಹಾ ಇನ್ನೂ ಬಿಸಿ ಇರುವಾಗಲೇ ಕಿರುಚಾಟ ಕೇಳಿಸಿತು. ಬುಟ್ಟಿಯ ಹಿಡಿಕೆ ಮಿಕ್ಸರಿನ ಹಲ್ಲುಗಾಲಿಗೆ ಸಿಕ್ಕು ಹುಲಿಗೆವ್ವನ ಕೈಯನ್ನೂ ಎಳೆದುಕೊಂಡಿತ್ತು.

ತಿಂಗಳುಗಟ್ಟಲೆ ಕಲ್ಲವ್ವ ಖಂಡೋಬನಿಗೆ ಕೈ ಮುಗಿದು, ನನ್ನ ಬೆರಳು ಉಳಿಸಿದಿಯಪ್ಪಾ ಎಂದಿದ್ದಳು. ಕಾಗದ ಬಂದ ಮೇಲೆ ಅದೇ ದೇವರಿಗೆ ಬೇರೆ ಮಾತು. ಆ ಜಾಗಾ ನಂದಲ್ಲೇನು? ಆ ಚಹಾ ಕುಡಿಯದಿದ್ದರೆ ಬೆರಳು ನನ್ನವು ಹೋಗುತ್ತಿದ್ದವು, ರೊಕ್ಕವೂ ನನ್ನದೇ ಆಗುತ್ತಿತ್ತು. ಬುದ್ಧಿ ನೆಟ್ಟಗಿರುವವರು ಹೀಗೆ ಯೋಚಿಸುವುದಿಲ್ಲ ನಿಜ. ಆದರೆ ಸೊಟ್ಟ ಕಾಲಿನಲ್ಲಿ ಗುಡ್ಡ ಹತ್ತಿ ನೀರು ತರುವಾಗ ಬುದ್ಧಿ ನೆಟ್ಟಗಿರುವುದೂ ಕಷ್ಟ.

ಮೊದಲ ಜಗಳ ಜಡೆಯ ಮೇಲೆ ಬಂತು. ಕೈ ಹೋದಂದಿನಿಂದ ಹುಲಿಗೆವ್ವನ ತಲೆ ಬಾಚಿ ಜಡೆ ಹಾಕುತ್ತಿದ್ದದ್ದು ಕಲ್ಲವ್ವ. ಅವತ್ತು ಬೆಳಗ್ಗೆ ಹುಲಿಗೆವ್ವ ಬಾಚಣಿಗೆ ಹಿಡಿದು ಬಂದು ಎದುರು ಕೂತಳು. ಕಲ್ಲವ್ವ ಹಿಟ್ಟು ಕಲಸುವುದನ್ನು ನಿಲ್ಲಿಸಲಿಲ್ಲ.

"ಯಕ್ಕಾ, ತಲಿ."

"ಆಳು ಇಟ್ಕೋ. ಲಕ್ಷ ಬರ್ತದಲ್ಲ."

"ಯಾವ ಲಕ್ಷ? ಮಂದಿ ಮಾತು ಕೇಳ್ತೀಯಲ್ಲ."

"ಮಂದಿಗೆ ಕಣ್ಣಿಲ್ಲೇನು? ಮೊನ್ನಿಂದ ಅತ್ತಿ ಹಾಲು ತರಿಸಿ ನಿನಗ ಕುಡಸಾಕತ್ತಾಳ. ನನ್ನ ಕಾಲು ಮುರಿದಾಗ ನನಗ ಗಂಜಿ ಕೊಟ್ಟಳು."

ಒಳಗಿನಿಂದ ಶರಣಮ್ಮ, "ಆವಾಗ ಹಾಲು ತರಾಕ ಯಾರ ಹತ್ರ ರೊಕ್ಕ ಇತ್ತು?" ಎಂದಳು.

"ಈಗ ಯಾರ ಹತ್ರ ಅದ? ಬರೂ ರೊಕ್ಕದ ಮ್ಯಾಲ ಉದ್ದರಿ ತಂದೀರಿ."

ಹುಲಿಗೆವ್ವ ಎದ್ದು ನಿಂತಳು. ಎದ್ದವಳು ಹೋಗಲಿಲ್ಲ. "ಆ ಜಾಗಾ ನಿಂದಿತ್ತಕ್ಕ. ನಾನು ಒಂದಿನಾರ ಅಂದೀನೇನು?" ಎಂದಳು. ದನಿ ಏರಿಸದೆ ಅಂದಳು, ಅದೇ ಹೆಚ್ಚು ನಾಟಿತು. ಕಲ್ಲವ್ವ ಹಿಟ್ಟನ್ನು ಮತ್ತಷ್ಟು ಜೋರಾಗಿ ನಾದಿದಳು. ಅವತ್ತು ಹುಲಿಗೆವ್ವನ ಜಡೆಯನ್ನು ಸೋನಾಲಿ ಹಾಕಿದಳು.

ಭೀಮುವಿನ ಉರಿ ಇನ್ನೊಂದು ಬಗೆಯದು. ಹೆಂಡತಿ ದುಡಿಯದೆ ಕೂತ ಮೇಲೆ ಅವನಿಗೆ ಜೋಡಿ ಪಗಾರ ತಪ್ಪಿ ಒಂಟಿ ಪಗಾರ ಬರುತ್ತಿತ್ತು. ಹಿಂದಿನ ತಿಂಗಳು ಊರಿನ ಸಂಬಂಧಿಕನೊಬ್ಬ ಬಂದು, "ಇನ್ನೊಂದು ಮಾಡ್ಕೋ, ಆಕೀನ ತವರಿಗೆ ಕಳಸು," ಎಂದು ಹೇಳಿಹೋಗಿದ್ದ. ಭೀಮು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಹುಲಿಗೆವ್ವ ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಕಾಗದ ಬಂದ ಮೇಲೆ ಆ ಮಾತು ನಿಂತಿತು. ಭರಪಾಯಿ ಸಿಕ್ಕರೆ ಆಕೆ ಈ ಮನೆಯಲ್ಲಿ ಉಳಿಯುತ್ತಾಳೆ, ಸಿಗದಿದ್ದರೆ ತವರಿನ ಬಸ್ಸು ಹತ್ತಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

"ನನ್ನ ಹತ್ತು ಬೆರಳು ವರ್ಷಾನುಗಟ್ಟಲೆ ದುಡಿದ್ರೂ ಗಂಟು ಆಗಲಿಲ್ಲ," ಎಂದು ಭೀಮು ಅಣ್ಣನಿಗೆ ಹೇಳಿದ. "ಆಕೀ ಮೂರು ಬೆರಳಿಗೆ ಬಂದ ಕಿಮ್ಮತ್ತು ನೋಡು."

"ಹಂಗಂತ ನೀನೂ ಹೋಗಿ ಮಿಕ್ಸರಿಗೆ ಕೈ ಕೊಡ್ತೀಯೇನು?" ಎಂದ ತಾಯಪ್ಪ.

ಭಾನುವಾರ ಜಟ್ಟೆಪ್ಪ ಊಟಕ್ಕೆ ಬಂದ. ಕರೆದವರು ಯಾರೂ ಇರಲಿಲ್ಲ, ಮುಕಾದಮನಿಗೆ ಕರೆಯಬೇಕಾದ ಅಗತ್ಯವೂ ಇಲ್ಲ. ಹುಲಿಗೆವ್ವ, ಭೀಮು ಮಾರ್ಕೆಟ್ ಯಾರ್ಡಿಗೆ ಹೋಗಿದ್ದ ಹೊತ್ತು ನೋಡಿಯೇ ಬಂದಿದ್ದ. ಎರಡು ರೊಟ್ಟಿ, ಪುಂಡಿಪಲ್ಯ ಹಾಕಿಸಿಕೊಂಡು, "ಕಲ್ಲವ್ವ, ರೊಟ್ಟಿ ಭಾಳ ಛಲೋ ಆಗ್ಯಾವ," ಎಂದ. ಆ ಮನೆಯಲ್ಲಿ ಈ ಮಾತನ್ನು ಆಕೆ ಮೊದಲ ಸಲ ಕೇಳಿದ್ದಳು. ಇನ್ನೆರಡು ಹಾಕಿದಳು.

"ಸೇಟ್ ಭಾಳ ಸಿಟ್ಟಾಗ್ಯಾನ," ಎಂದು ಜಟ್ಟೆಪ್ಪ ತಾಯಪ್ಪನ ಕಡೆ ತಿರುಗಿದ. "ನಾಳೆ ಭರಪಾಯಿ ಕೊಡೂ ಪಾಳಿ ಬಂದ್ರ ನನ್ನ ಹಿಸೇಬಿನಾಗ ಮುರಕೋತಾನ. ನಾ ಎಲ್ಲಿಂದ ತರ್ಲಿ? ನಿಮಗ ಕೆಲಸ ಎಲ್ಲಿಂದ ಕೊಡ್ಲಿ?"

"ನಾವೇನು ಮಾಡಬೇಕಣ್ಣ?" ಎಂದ ತಾಯಪ್ಪ.

"ಸುಳ್ಳು ಹೇಳ್ರಿ ಅನ್ನಂಗಿಲ್ಲ ನಾ. ಹುಲಿಗೆವ್ವ ರೊಟ್ಟಿ ಬುತ್ತಿ ತರ್ತಿದ್ಲಲ್ಲ? ಕಲ್ಲವ್ವ ಅದನ್ನ ಹೇಳಿದ್ರ ಸಾಕು. ಬುತ್ತಿ ಕೊಡಾಕ ಬಂದಾಕಿ ಮಿಕ್ಸರಿಗೆ ಯಾಕ ಹೋದ್ಲೋ ಗೊತ್ತಿಲ್ಲ, ಅಷ್ಟ. ಬಾಣೇರದಾಗ ಹೊಸ ಬಿಲ್ಡಿಂಗ್ ಎದ್ದದ. ವಾಚ್‌ಮನ್ ಬೇಕು. ಇಟ್ಟಂಗಿ ಖೋಲಿ, ಬಾಗಲದಾಗ ನಳ. ನಿಂದ ಹೆಸರು ಹೇಳೀನಿ."

ಬಾಗಿಲಲ್ಲೇ ನಳ. ಕಲ್ಲವ್ವನ ಕಾಲು ಆ ಮಾತನ್ನು ಕಿವಿಗಿಂತ ಮೊದಲೇ ಕೇಳಿತು.

ಅವನು ಹೋದ ಮೇಲೆ ಸೋನಾಲಿ ತಾಯಿಯ ಮುಂದೆ ಬಂದು ನಿಂತಳು. "ಅವ್ವಾ, ಹಂಗ ಹೇಳ್ತೀಯೇನು? ಕಾಕಿ ಏನಾಗಬೇಕು?"

"ನನಗ ಏನಾತು ಅಂತ ಆಕಿ ಕೇಳ್ಯಾಳೇನು? ಎಲ್ಲಾರೂ ಆಕೀದೇ ಕೇಳ್ರಿ. ಹಿರೇಕಿ ಕುಂಟ್ಕೋತ ಸಾಯಲಿ."

"ನಿನಗ ಹೊಟ್ಟಿಕಿಚ್ಚು."

"ಹೌದು. ಅದ." ಕಲ್ಲವ್ವ ತಾಟು ಎತ್ತಿಕೊಂಡು ಹೊರಗೆ ನಡೆದಳು. ಮಗಳ ಮುಂದೆ ಸುಳ್ಳು ಹೇಳಲು ಆಕೆಗೆ ಬರುತ್ತಿರಲಿಲ್ಲ.

ತಾರೀಖಿನ ದಿನ ಶರಣಮ್ಮ ಜೇಜುರಿಯ ಭಂಡಾರವನ್ನು ಇಬ್ಬರು ಸೊಸೆಯರ ಹಣೆಗೂ ಹಚ್ಚಿದಳು. ಇಬ್ಬರಿಗೂ ಅಷ್ಟಷ್ಟೇ ಹಚ್ಚಿದಳೋ ಇಲ್ಲವೋ ಎಂದು ಕಲ್ಲವ್ವ ಓರೆಗಣ್ಣಿನಿಂದ ನೋಡಿದಳು. ಶಿವಾಜಿನಗರದವರೆಗೆ ಬಸ್ಸಿನಲ್ಲಿ ನೆಗೆಣ್ಣಿಯರು ಅಕ್ಕಪಕ್ಕ ಕೂತರು. ಟಿಕೀಟು ತೆಗೆಯಲು ಹುಲಿಗೆವ್ವ ಎಡಗೈಯಲ್ಲಿ ಸೆರಗಿನ ಗಂಟು ಬಿಚ್ಚಲು ಹೆಣಗುತ್ತಿದ್ದಳು. ಕಲ್ಲವ್ವ ಕಿಟಕಿಯ ಆಚೆ ನೋಡುತ್ತ ಕೂತಳು.

ಲೇಬರ್ ಆಫೀಸಿನಲ್ಲಿ ವಿಚಾರಣೆ ನಡೆಸುವ ಸಾಹೇಬರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಒಂದು ಕಡೆ ನೀತಾ ಮತ್ತು ಯೂನಿಯನ್ನಿನ ವಕೀಲ, ಇನ್ನೊಂದು ಕಡೆ ಸೇಟನ ವಕೀಲ, ಅವನ ಹಿಂದೆ ಜಟ್ಟೆಪ್ಪ. ಮಾತೆಲ್ಲ ಮರಾಠಿಯಲ್ಲಿ. ಕಲ್ಲವ್ವನ ಮರಾಠಿ ಕಾಯಿಪಲ್ಲೆ ಚೌಕಾಸಿಗಷ್ಟೇ ಸಾಕಾಗುವಂಥದ್ದು. ಅದಕ್ಕೆ ಸೊಲ್ಲಾಪುರ ಕಡೆಯ ಗುಮಾಸ್ತನೊಬ್ಬ ಆಕೆಯ ಕನ್ನಡವನ್ನು ಸಾಹೇಬರಿಗೆ ತಿಳಿಸಿ ಹೇಳಲು ನಿಂತ.

ಸೇಟನ ವಕೀಲ ಎದ್ದು ಕೇಳಿದ. "ಹುಲಿಗೆವ್ವ ಸೈಟಿಗೆ ರೊಟ್ಟಿ ತರುತ್ತಿದ್ದಳೇ?"

"ಹೌದ್ರಿ. ತರ್ತಿದ್ಲು."

"ದಿನಾಲೂ?"

"ದಿನಾಲೂ ತರ್ತಿದ್ಲು."

ಹುಲಿಗೆವ್ವ ತಲೆ ತಗ್ಗಿಸಿದಳು. ಸೆರಗಿನಲ್ಲಿ ಮುಚ್ಚಿದ್ದ ಬಲಗೈಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು. ಕಲ್ಲವ್ವ ಅದನ್ನು ನೋಡಿದಳು. ಆದರೆ ಬಾಣೇರದ ನಳ ಕಣ್ಣ ಮುಂದಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ವಕೀಲ ಗೆಲ್ಲುತ್ತಿದ್ದ. ಆದರೆ ಸಲೀಸಾಗಿ ನಡೆಯುತ್ತಿದೆ ಎನಿಸಿದಾಗ ಮನುಷ್ಯನಿಗೆ ಬಾಯಿ ಕಟ್ಟುವುದು ಕಷ್ಟ. ಅವನು ಹಾಜರಿ ಪುಸ್ತಕವನ್ನು ಸಾಹೇಬರ ಮೇಜಿನ ಮೇಲಿಟ್ಟ. "ಇಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ, ನೋಡಬೇಕು. ನಮ್ಮ ಸೈಟಿನಲ್ಲಿ ಹೆಂಗಸರು ಕೆಲಸ ಮಾಡುವುದೇ ಇಲ್ಲ. ಗಂಡಂದಿರ ಹಿಂದೆ ಬಂದು ಅಡುಗೆ ಮಾಡಿಕೊಂಡು ನೆರಳಿಗೆ ಕೂತಿರುತ್ತಾರೆ." ಆಮೇಲೆ ಕಲ್ಲವ್ವನ ಕಡೆ ತಿರುಗಿ ನಕ್ಕ. "ನೀವೂ ಹಾಗೇ ಬರುತ್ತಿದ್ದವರಲ್ಲವೇ ಕಲ್ಲವ್ವಬಾಯಿ? ಅಡುಗೆಗೆ?"

ಗುಮಾಸ್ತ ಅದನ್ನು ಕನ್ನಡದಲ್ಲಿ ಹೇಳಿದ. ಕಲ್ಲವ್ವ ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ ಜಟ್ಟೆಪ್ಪನನ್ನು ನೋಡಿದಳು. ಜಟ್ಟೆಪ್ಪ, ಹೂಂ ಅನ್ನು ಎಂದು ತಲೆ ಆಡಿಸಿದ.

"ನಾನೂ ಕೆಲಸ ಮಾಡಿಲ್ಲೇನು?" ಎಂದಳು ಅವನಿಗೆ. "ಹೇಳೋ ಜಟ್ಟೆಪ್ಪ. ನಾನು ಅಡಗಿಗೆ ಬರ್ತಿದ್ನೇನು? ಈ ಕಾಲು ಒಲಿ ಮುಂದ ಮುರಿತೇನು?"

"ಸಾಹೇಬರ ಕಡೆ ನೋಡಿ ಹೇಳಿ," ಎಂದ ಗುಮಾಸ್ತ.

ಕಲ್ಲವ್ವ ಸಾಹೇಬರ ಕಡೆ ತಿರುಗಿದಳು. ಗಂಡಸರ ಮುಂದೆ ಎಂದೂ ಇಳಿಸದಿದ್ದ ತಲೆಯ ಸೆರಗನ್ನು ಹಿಂದಕ್ಕೆ ಸರಿಸಿ ತಲೆ ಬಗ್ಗಿಸಿದಳು. ನೆತ್ತಿಯ ನಟ್ಟನಡುವೆ, ಬುಟ್ಟಿಯ ಕೆಳಗೆ ಸಿಂಬಿ ಕೂರುವ ಜಾಗದಲ್ಲಿ, ಕೂದಲು ಸವೆದು ಚರ್ಮ ಕಾಣುತ್ತಿತ್ತು.

"ರೊಟ್ಟಿ ಗಂಟು ಹೊತ್ತರ ಹಿಂಗ ಆಗ್ತದೇನ್ರಿ? ಇದು ಇವರ ಮರಳು ಹೊತ್ತ ತಲಿ. ಎಷ್ಟು ಬಿಲ್ಡಿಂಗ್ ಅಂತ ನಾ ಎಣಿಸಿಲ್ಲ. ಪುಸ್ತಕದಾಗ ಇಲ್ಲಂತ, ಪುಸ್ತಕಕ್ಕ ಏನು ಗೊತ್ತದ? ಅಲ್ಲಿ ಜೋಡಿ ಅಂತ ಬರೀತಾರ. ಜೋಡಿ ಅಂದ್ರ ನಾವು." ಎದ್ದು ಹೋಗಿ ಹುಲಿಗೆವ್ವನ ಸೆರಗನ್ನೂ ಎಳೆದಳು. ಅವತ್ತು ಯಾರೂ ಜಡೆ ಹಾಕದೆ ಬಿಟ್ಟಿದ್ದ ತಲೆಯಲ್ಲಿ ಅದೇ ಜಾಗ ಸವೆದಿತ್ತು. "ಇದನ್ನೂ ನೋಡ್ರಿ. ರೊಟ್ಟಿ ತರ್ತಿದ್ಲು ಖರೆ. ರೊಟ್ಟಿ ಕೊಟ್ಟು ಬುಟ್ಟಿ ಹೊರ್ತಿದ್ಲು. ಅವತ್ತು ಮಿಕ್ಸರಿನ ಜಾಗಾ ನಂದಿತ್ರಿ. ಚಹಾ ಕುಡಿಯಾಕ ಅಂತ ನಾನ ಆಕೀನ ಅಲ್ಲಿ ನಿಂದ್ರಸಿ ಹೋಗಿದ್ದೆ."

ಸಾಹೇಬರು ಬರೆಸಿದರು. ಸೇಟನ ವಕೀಲ ಕೂತುಕೊಂಡ. ಎಲ್ಲ ಮುಗಿದ ಮೇಲೂ ಕಲ್ಲವ್ವ ನಿಂತೇ ಇದ್ದಳು.

"ಮತ್ತ ನನ್ನ ಕಾಲಿಂದು?"

ಯಾವಾಗ ಬಿದ್ದದ್ದು ಎಂದು ಸಾಹೇಬರು ಕೇಳಿ ತಿಳಿದುಕೊಂಡರು. ಎರಡು ವರ್ಷದೊಳಗೆ ಬರಬೇಕಿತ್ತು, ಈಗ ಆಗುವುದಿಲ್ಲ ಎಂದರು. ಕಠಿಣ ಮನುಷ್ಯರೇನಲ್ಲ, ಮೆತ್ತಗೇ ಹೇಳಿದರು. ಕಲ್ಲವ್ವ ಸೆರಗು ಹೊದ್ದುಕೊಂಡು ಹೊರಗೆ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ಹುಲಿಗೆವ್ವ ಕೈ ಹಿಡಿಯಲು ಬಂದಾಗ ಕೊಸರಿಕೊಂಡಳು.

"ನಿನ್ನ ಸಲುವಾಗಿ ಹೇಳಿಲ್ಲ. ನಾ ಇಲ್ಲೇ ಇಲ್ಲ ಅಂದರಲ್ಲ, ಅದಕ್ಕ ಹೇಳೀನಿ."

"ಗೊತ್ತದಕ್ಕ," ಎಂದಳು ಹುಲಿಗೆವ್ವ.

ಬಾಣೇರದ ಖೋಲಿ ಬೇರೆಯವರ ಪಾಲಾಯಿತು. ಜಟ್ಟೆಪ್ಪ ಅಣ್ಣತಮ್ಮಂದಿರನ್ನೂ ಕಲ್ಲವ್ವನನ್ನೂ ಕೆಲಸದಿಂದ ಬಿಡಿಸಿದ. ಕೂಲಿಯವರು ಕೆಲಸಕ್ಕಾಗಿ ನಿಲ್ಲುವ ನಾಕಾದಲ್ಲಿ ಸಿಕ್ಕ ದಿನಗೂಲಿಯಲ್ಲೇ ಒಲೆ ಉರಿಯಿತು. ತಾಯಪ್ಪ ಹೆಂಡತಿಯ ಜೊತೆ ಮಾತು ಬಿಟ್ಟ, ಆಕೆ ಬಡಿದ ರೊಟ್ಟಿಯನ್ನು ಮಾತ್ರ ಬಿಡಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಹುಕುಮು ಬಂತು. ವಸ್ತಿ ಅಂದುಕೊಂಡಿದ್ದ ಲಕ್ಷದ ಮೂರನೇ ಪಾಲಿಗೂ ಕಮ್ಮಿ. ಅದೂ ಕೈಗಿಲ್ಲ. ಸೇಟ್ ರೊಕ್ಕವನ್ನು ಸಾಹೇಬರ ಆಫೀಸಿನಲ್ಲಿ ತುಂಬಬೇಕು, ಸಾಹೇಬರು ಅದನ್ನು ಹುಲಿಗೆವ್ವನ ಹೆಸರಿನಲ್ಲಿ ಬ್ಯಾಂಕಿಗೆ ಹಾಕಿಸುತ್ತಾರೆ, ಆಕೆಗೆ ತಿಂಗಳಿಗೆ ಬಡ್ಡಿ ಬರುತ್ತದೆ ಎಂದು ನೀತಾ ತಿಳಿಸಿ ಹೇಳಿದಳು.

"ಗಂಡ ಸಹಿ ಮಾಡಿದ್ರ ಕೊಡೂದಿಲ್ಲೇನು?" ಎಂದ ಭೀಮು.

"ನಿಮ್ಮ ಬೆರಳು ಹೋಗಿದ್ದರೆ ಕೊಡುತ್ತಿದ್ದರು," ಎಂದಳು ನೀತಾ. ಭೀಮು ಅವತ್ತು ಉಣ್ಣದೆ ಮಲಗಿದ. ಇನ್ನೊಂದು ಮದುವೆಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ತಿಂಗಳು ತಿಂಗಳು ಬಡ್ಡಿ ತರುವ ಹೆಂಡತಿಯನ್ನು ಯಾರು ತವರಿಗೆ ಕಳಿಸುತ್ತಾರೆ?

ಮೊದಲ ಬಡ್ಡಿಯಲ್ಲಿ ಹುಲಿಗೆವ್ವ ಒಂದು ಸೀರೆ ತಂದು ಕಲ್ಲವ್ವನ ಮುಂದಿಟ್ಟಳು. ಕಲ್ಲವ್ವ ಅದನ್ನು ಕಾಲಿನಿಂದ ಸರಿಸಿದಳು.

"ಸೀರಿ ಕೊಟ್ಟು ಬಾಯಿ ಮುಚ್ಚಸೋರನ್ನ ಭಾಳ ನೋಡೀನಿ."

"ಹಂಗಾರ ಅತ್ತಿಗೆ ಕೊಡ್ತೀನಿ ಬಿಡು."

"ಬ್ಯಾಡ ಅಂದ್ನೇನು ನಾ?" ಎಂದು ಕಲ್ಲವ್ವ ಸೀರೆಯನ್ನು ಎಳೆದುಕೊಂಡಳು. "ಬೆರಳು ನಿನ್ನವು, ರೊಕ್ಕ ನಿಂದು. ಜಾಗಾ ನಂದಿತ್ತು. ಅದನ್ನ ಮರೀಬ್ಯಾಡ. ಬಾ, ತಲಿ ತೋರಿಸು, ಹಕ್ಕಿ ಗೂಡು ಆಗ್ಯಾದ."

ಮರುವಾರ ನಾಕಾದ ಮೇಲೆ ಹೊಸ ಮುಕಾದಮ ಸಿಕ್ಕ. ಶಿವರುದ್ರಪ್ಪ ಎಂದು ಹೆಸರು, ಇಂಡಿ ಕಡೆಯವನು. ಅವನಿಗೆ ಅವತ್ತೇ ಸ್ಲ್ಯಾಬು ಹಾಕುವುದಿತ್ತು, ಆಳು ಕಮ್ಮಿ ಬಿದ್ದಿದ್ದವು. ಹುಲಿಗೆವ್ವನಿಗೆ ಗೋಡೆಗೆ ನೀರು ಹೊಡೆಯುವ ಕೆಲಸ ಕೊಡಲು ಒಪ್ಪಿದ. ಸೈಟಿಗೆ ಬಂದವನೇ ಪುಸ್ತಕ ತೆಗೆದು, "ತಾಯಪ್ಪ ಜೋಡಿ, ಭೀಮು ಜೋಡಿ," ಎಂದು ಗಟ್ಟಿಯಾಗಿ ಹೇಳುತ್ತ ಬರೆದುಕೊಂಡ.

ಕಲ್ಲವ್ವ ಸಿಂಬಿಯನ್ನು ಕೈಯಲ್ಲಿ ಹಿಡಿದುಕೊಂಡು ಮರಳಿನ ಗುಡ್ಡೆಯ ಮೇಲೆ ಕೂತಳು.

"ಏಳವ್ವ, ಮಿಕ್ಸರ್ ಚಾಲೂ ಆತು," ಎಂದ ಶಿವರುದ್ರಪ್ಪ.

"ನನ್ನ ಹೆಸರು ಬರೀರಿ. ಆಮ್ಯಾಲೆ ಏಳ್ತೀನಿ."

"ಬರದೀನಲ್ಲ, ಜೋಡಿ ಅಂತ."

"ಜೋಡಿ ನನ್ನ ಹೆಸರಲ್ಲ."

"ಏ, ಏಳ, ಇದ್ದ ಕೆಲಸಾನೂ ಕಳೀತಿ," ಎಂದ ತಾಯಪ್ಪ. ಎಷ್ಟೋ ದಿನದ ಮೇಲೆ ಹೆಂಡತಿಗೆ ಆಡಿದ ಮೊದಲ ಮಾತು ಅದು. ಕಲ್ಲವ್ವ ಅವನ ಕಡೆ ನೋಡಲೂ ಇಲ್ಲ. ಹುಲಿಗೆವ್ವ ಬಂದು ಪಕ್ಕದಲ್ಲಿ ಕೂತಳು. ಬೇರೆ ಹೆಂಗಸರು ಬುಟ್ಟಿ ಕೆಳಗಿಟ್ಟು ನೋಡತೊಡಗಿದರು. ಬರಿದೇ ತಿರುಗುತ್ತಿದ್ದ ಮಿಕ್ಸರನ್ನು ಒಮ್ಮೆ, ಏರುತ್ತಿದ್ದ ಬಿಸಿಲನ್ನು ಒಮ್ಮೆ ನೋಡಿ ಶಿವರುದ್ರಪ್ಪ ಕಿವಿಯ ಮೇಲಿನ ಪೆನ್ನು ತೆಗೆದ.

"ಆತು ಹೇಳವ್ವ, ಹೇಳು. ಈ ಕೈ ಬ್ಯಾನಿ ಆದಾಕೀದು ಮೊದಲ ಬರೀತೀನಿ. ಏನು ಹೆಸರು?"

ಹುಲಿಗೆವ್ವ ಬಾಯಿ ತೆರೆದಳು. ಕಲ್ಲವ್ವ ಆಕೆಯ ತೊಡೆಯ ಮೇಲೆ ಕೈಯೂರಿ ತಡೆದಳು.

"ಮೊದಲ ನಂದು," ಎಂದಳು. "ಕಲ್ಲವ್ವ. ಆಮ್ಯಾಲೆ ಆಕೀದು. ನಾ ಹಿರೇಕಿ."